ಕುಂಟೆತ್ತಿಗೆ ನಡಿಗೆ ಬಂದ ಬಗೆ

ಕಾರಹುಣ್ಣಿಮೆಯ ಕರಿ ಹರಿದು ಹದಿನೈದು ದಿನಕ್ಕೆ ಮಣ್ಣೆತ್ತಿನ ಅಮಾವಾಸ್ಯೆ ಬರುತ್ತದೆ. ಹುನಗುಂದದ ಕಡೆಯ ಎರೆಮಣ್ಣನ್ನು ಹದವಾಗಿ ಕಲಸಿದರೆ ಎತ್ತಿನ ಹಿಣಿಲು, ಕೊಂಬು, ಗಂಗೆದೊಗಲು ಎಲ್ಲವೂ ಮಕ್ಕಳ ಕೈಗೂ ಬರುತ್ತವೆ. ಬಾರದಿರುವುದು ಕಾಲು ಮಾತ್ರ. ತೆಳ್ಳಗೆ ಮಾಡಿದರೆ ಮುರಿಯುತ್ತದೆ. ದಪ್ಪ ಮಾಡಿದರೆ ಎತ್ತು ಹೋಗಿ ಆನೆಯಾಗುತ್ತದೆ. ಅಮಾವಾಸ್ಯೆ ಮುಗಿದ ಮೇಲೆ ಹುಡುಗರು ಒಂದು ಎತ್ತನ್ನು ಕುಂಟೆತ್ತೆಂದು ಕರೆದು, ಅದನ್ನು ಎತ್ತಿಕೊಂಡು ಮನೆಮನೆಗೆ ಹೋಗಿ ಅದರ ಹೆಸರಿನಲ್ಲಿ ಜೋಳ ಬೇಡುವ ಪದ್ಧತಿಯೂ ನಮ್ಮ ಸೀಮೆಯಲ್ಲಿ ಉಂಟು.

ನಮ್ಮ ಮನೆಗೆ ಈಚೆಗೆ ಬಂದ ಕುಂಟೆತ್ತು ಮಣ್ಣಿನದಲ್ಲ. ಹೈಸ್ಕೂಲಿನಲ್ಲಿ ಓದುವ ಮೊಮ್ಮಗ ಹಬ್ಬದ ಕಾಣಿಕೆಯ ಹಣವನ್ನೆಲ್ಲ ಕೂಡಿಟ್ಟು, ನಡೆಯುವ ರೋಬೋಟಿನ ಬಿಡಿಭಾಗಗಳ ಒಂದು ಪೆಟ್ಟಿಗೆಯನ್ನು ತರಿಸಿದ. ಪ್ಲಾಸ್ಟಿಕ್ಕಿನ ನಾಲ್ಕು ಕಾಲು, ಕಾಲಿಗೆ ಎರಡರಂತೆ ಎಂಟು ಪುಟ್ಟ ಮೋಟರು, ಆರ್ಡುಯಿನೊ ಎಂಬ ಅಂಗೈಯಗಲದ ಒಂದು ಹಲಗೆ, ತಂತಿ, ತಿರುಪು. ತಿರುಪುಗಳಲ್ಲಿ ಎರಡು ಕಡಿಮೆಯಿದ್ದವು. ಆ ಕೊರತೆಯನ್ನು ನನ್ನ ಹಳೆಯ ಕನ್ನಡಕದ ತಿರುಪುಗಳು ತುಂಬಿದವು. ಒಂದು ಭಾನುವಾರ ಬೆಳಗ್ಗೆಯಿಂದ ಸಂಜೆಯವರೆಗೆ ನಡುಮನೆಯಲ್ಲಿ ಕುಳಿತು ಹುಡುಗ ಅದನ್ನು ಜೋಡಿಸಿದ. ನಿಲ್ಲಿಸಿದರೆ ನಿಂತಿತು. ನಡೆ ಎಂದರೆ ಒಂದು ಹೆಜ್ಜೆ ಇಟ್ಟಿತು, ಎರಡು ಇಟ್ಟಿತು, ಮೂರನೆಯದಕ್ಕೆ ಹಣೆ ನೆಲಕ್ಕೆ ಹಚ್ಚಿ ಮಲಗಿತು. ಎಷ್ಟು ಸಲ ಎಬ್ಬಿಸಿದರೂ ಮೂರನೆಯ ಹೆಜ್ಜೆಗೇ ಬೀಳುವುದು. ಅಡಿಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದ ನನ್ನ ಹೆಂಡತಿ ಅದಕ್ಕೆ ಕುಂಟೆತ್ತೆಂದು ಹೆಸರಿಟ್ಟಳು. ಹುಡುಗನಿಗೆ ಅವಮಾನವಾಯಿತು. ಅವನು ಮುಖ ತಿರುಗಿಸಿಕೊಂಡು ಮಲಗಿದ. ನಾನು, ಇತಿಹಾಸದ ಪುಸ್ತಕ ಬಿಟ್ಟರೆ ಬೇರೆ ಆಯುಧವಿಲ್ಲದ ಹಳೆಯ ಮೇಷ್ಟ್ರು, ಯಂತ್ರಕ್ಕೆ ನಡೆಯಲು ಕಲಿಸಿದವರು ಹಿಂದೆ ಯಾರು, ಅವರದು ಎಲ್ಲಿ ಬಿದ್ದಿತು ಎಂದು ಹುಡುಕತೊಡಗಿದೆ.

ತಾನಾಗಿ ಚಲಿಸುವ ಗೊಂಬೆಯ ಆಸೆ ಹಳೆಯದು. ಧಾರಾನಗರದ ಭೋಜರಾಜನ ಹೆಸರಿನಲ್ಲಿರುವ ೧೧ನೆಯ ಶತಮಾನದ 'ಸಮರಾಂಗಣ ಸೂತ್ರಧಾರ' ವಾಸ್ತುಶಾಸ್ತ್ರದ ದೊಡ್ಡ ಗ್ರಂಥ. ಅದರಲ್ಲಿ ಯಂತ್ರಗಳಿಗಾಗಿಯೇ ಒಂದು ಅಧ್ಯಾಯವಿದೆ. ಬಾಗಿಲು ಕಾಯುವ ಮರದ ಆಳಿನ ಮಾತು ಅಲ್ಲಿ ಬರುತ್ತದೆ. ಆದರೆ ಒಳಗಿನ ರಚನೆಯನ್ನು ಮಾತ್ರ ಪೂರ್ತಿಯಾಗಿ ಹೇಳಿಲ್ಲ. ಹೇಳದಿರುವುದು ಅಜ್ಞಾನದಿಂದಲ್ಲ, ಗುಟ್ಟು ಗುಟ್ಟಾಗಿಯೇ ಉಳಿಯಲೆಂದು, ಎಂದು ಗ್ರಂಥವೇ ಸಮಜಾಯಿಷಿ ಕೊಡುತ್ತದೆ. ಗುಟ್ಟು ಚೆನ್ನಾಗಿಯೇ ಉಳಿಯಿತು, ಯಂತ್ರ ಉಳಿಯಲಿಲ್ಲ. ಪಶ್ಚಿಮದಲ್ಲಿ ಇದಕ್ಕಿಂತ ಸಾವಿರ ವರ್ಷ ಹಿಂದೆ, ಅಲೆಕ್ಸಾಂಡ್ರಿಯದ ಹೀರೋ ಎಂಬಾತ ತೂಕದ ಗುಂಡು ಕೆಳಗಿಳಿಯುವ ಬಲದಿಂದ ಓಡುವ ಬಂಡಿಯನ್ನು ವರ್ಣಿಸಿದ್ದಾನೆ. ಅಚ್ಚಿನ ಗೂಟಗಳಿಗೆ ಹುರಿಯನ್ನು ಸುತ್ತುವ ರೀತಿಯನ್ನು ಬದಲಾಯಿಸಿದರೆ ಬಂಡಿ ಹೋಗುವ ದಾರಿಯೇ ಬದಲಾಗುತ್ತಿತ್ತು. ಹುರಿ ಸುತ್ತಿದವನು ಪಕ್ಕಕ್ಕೆ ಸರಿದ ಮೇಲೂ ಅವನ ಅಪ್ಪಣೆ ಬಂಡಿಯಲ್ಲಿ ಉಳಿಯುತ್ತಿತ್ತು. ಇಂದು ನಾವು ಪ್ರೋಗ್ರಾಂ ಎನ್ನುವುದು ಇದನ್ನೇ. ಆದರೆ ಹೀರೋನ ಬಂಡಿಗೆ ಗಾಲಿಯಿತ್ತು, ಕಾಲಿರಲಿಲ್ಲ.

ಕಾಲಿನ ಕಷ್ಟವೇ ಬೇರೆ. ನಿಲ್ಲುವುದು ಹೇಗೆಂಬುದನ್ನು ನಮ್ಮ ತಾಲ್ಲೂಕಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಐಹೊಳೆಯ ಮೇಗುತಿ ಗುಡಿಯ ಶಾಸನಕ್ಕೆ ಕ್ರಿ.ಶ. ೬೩೪ರ ಕಾಲ. ಸ್ಥಾವರ ಬೇರೆ, ಜಂಗಮ ಬೇರೆ ಎಂಬ ವಿಚಾರವೂ ಕೂಡಲಸಂಗಮದ ನೆಲಕ್ಕೆ ಹೊಸದಲ್ಲ. ನಾಲ್ಕು ಕಂಬದ ಒಂದು ಮಂಟಪವನ್ನು ಮನಸ್ಸಿಗೆ ತಂದುಕೊಳ್ಳಿ. ಒಂದು ಕಂಬವನ್ನು ಕಿತ್ತು ಒಂದು ಮೊಳ ಮುಂದಿಡಬೇಕು. ಅಷ್ಟರಲ್ಲಿ ಮಂಟಪ ಬೀಳಬಾರದು. ಆಮೇಲೆ ಇನ್ನೊಂದು ಕಂಬ. ಹೀಗೆ ನಾಲ್ಕನ್ನೂ ಸರದಿಯಂತೆ ಕಿತ್ತು ಮುಂದಿಡುತ್ತ ಮಂಟಪವನ್ನು ಅಮೀನಗಡದ ಸಂತೆಗೆ ಮುಟ್ಟಿಸಬೇಕು. ನಡಿಗೆ ಎಂದರೆ ಇಷ್ಟೇ. ಒಂದು ಕಂಬ ಗಾಳಿಯಲ್ಲಿರುವಾಗ ಮಂಟಪದ ಭಾರದ ನಡುಬಿಂದು ಉಳಿದ ಮೂರರ ತ್ರಿಕೋನದ ಒಳಗೇ ಇರಬೇಕು. ಹೊರಗೆ ಜಾರಿದರೆ ಹಣೆ ನೆಲಕ್ಕೆ.

೧೮೭೮ರಲ್ಲಿ ಇದರ ಎರಡು ತುದಿಗಳೂ ಒಟ್ಟಿಗೆ ಮನುಷ್ಯನ ಕೈಗೆ ಸಿಕ್ಕವು. ಆ ವರ್ಷ ಅಮೆರಿಕದ ಪಾಲೊ ಆಲ್ಟೊದಲ್ಲಿ ಎಡ್ವರ್ಡ್ ಮೈಬ್ರಿಜ್ ಎಂಬಾತ ಸಾಲಾಗಿ ಕ್ಯಾಮೆರಾಗಳನ್ನು ಹೂಡಿ, ಓಡುವ ಕುದುರೆಯ ಒಂದೊಂದು ಹೆಜ್ಜೆಯನ್ನೂ ಬಿಡಿಬಿಡಿಯಾಗಿ ಚಿತ್ರ ಹಿಡಿದ. ಓಟದ ಒಂದು ಕ್ಷಣದಲ್ಲಿ ಕುದುರೆಯ ನಾಲ್ಕೂ ಗೊರಸು ನೆಲ ಬಿಟ್ಟಿರುತ್ತವೆಂಬುದು ಆಗ ಕಣ್ಣಿಗೆ ಕಂಡಿತು. ಅದೇ ವರ್ಷ ಪ್ಯಾರಿಸ್ಸಿನ ಮಹಾ ವಸ್ತುಪ್ರದರ್ಶನದಲ್ಲಿ ರಷ್ಯದ ಗಣಿತಜ್ಞ ಚೆಬಿಷೋವನ ನಡೆಯುವ ಯಂತ್ರವಿತ್ತು. ಬರಿಯ ಸಲಾಕೆ ಮತ್ತು ಕೀಲುಗಳಿಂದ ಮಾಡಿದ ನಾಲ್ಕು ಕಾಲಿನ ವಾಹನ ಅದು. ಸಮನೆಲದ ಮೇಲೆ ಸೊಗಸಾಗಿ ಸಾಗುತ್ತಿತ್ತು. ಕಾಲುಗಳ ಸರದಿ ಕೀಲುಗಳಲ್ಲೇ ಬೆಸೆದುಹೋಗಿತ್ತಾದ್ದರಿಂದ ನಡಿಗೆಯನ್ನು ಬದಲಾಯಿಸಬೇಕಾದರೆ ಯಂತ್ರವನ್ನೇ ಬಿಚ್ಚಿ ಬೇರೆ ಕಟ್ಟಬೇಕು. ಎದುರಿಗೆ ಒಂದು ಕಲ್ಲು ಬಂದರೆ ಅದಕ್ಕೆ ಉಪಾಯವಿರಲಿಲ್ಲ.

ಆಮೇಲೆ ತೊಂಬತ್ತು ವರ್ಷ ಕಳೆದ ಮೇಲಿನ ಒಂದು ಸಾಹಸವನ್ನು ಓದಿ ನಾನು ನಕ್ಕೆ. ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯವರು ೧೯೬೮ರ ವೇಳೆಗೆ ಒಂದು ಟನ್ನಿಗೂ ಮೀರಿದ ತೂಕದ ನಾಲ್ಕು ಕಾಲಿನ ಉಕ್ಕಿನ ವಾಹನವನ್ನು ಕಟ್ಟಿದರು. ಅದರ ಹೊಟ್ಟೆಯಲ್ಲಿ ಒಬ್ಬ ಮನುಷ್ಯ ಕೂತು, ತನ್ನ ಎರಡು ಕೈಗಳಿಂದ ಮುಂಗಾಲುಗಳನ್ನೂ ಎರಡು ಕಾಲುಗಳಿಂದ ಹಿಂಗಾಲುಗಳನ್ನೂ ಆಡಿಸಬೇಕು. ಯಂತ್ರ ನಡೆಯಿತು, ಒಳಗಿನ ಮನುಷ್ಯ ಸ್ವಲ್ಪ ಹೊತ್ತಿನಲ್ಲೇ ದಣಿದು ಸುಸ್ತಾಗುತ್ತಿದ್ದ. ನಾಲ್ಕು ಕಾಲಿನ ಲೆಕ್ಕವನ್ನು ಏಕಕಾಲಕ್ಕೆ ತಲೆಯಲ್ಲಿಟ್ಟುಕೊಳ್ಳುವುದು ಮನುಷ್ಯನಿಗೆ ಆಗದ ಕೆಲಸ. ಹೆಜ್ಜೆ ಹಾಕುವಾಗ ಕರುವಿಗೆ ಇಲ್ಲದ ಚಿಂತೆ ಇಂಜಿನಿಯರನಿಗೆ!

ಆ ಲೆಕ್ಕವನ್ನು ಕಾಗದದ ಮೇಲೆ ಮಾಡಿದವರು ಅದೇ ಕಾಲದಲ್ಲಿ ಕ್ಯಾಲಿಫೋರ್ನಿಯದಲ್ಲಿದ್ದ ರಾಬರ್ಟ್ ಮೆಕ್‌ಗೀ ಮತ್ತು ಆಂಡ್ರೂ ಫ್ರ್ಯಾಂಕ್. ನಾಲ್ಕು ಕಾಲುಗಳ ಏಳುವುದು ಇಳಿಯುವುದು ಎಂಬ ಎಂಟು ಘಟನೆಗಳನ್ನು ಒಂದು ಸುತ್ತಿನಲ್ಲಿ ೫೦೪೦ ಬಗೆಯಾಗಿ ಜೋಡಿಸಬಹುದು. ಆರು ಕಾಲಾದರೆ ಆ ಸಂಖ್ಯೆ ಸುಮಾರು ನಾಲ್ಕು ಕೋಟಿಗೆ ಏರುತ್ತದೆ. ಆದರೆ ಒಂದು ಸಲಕ್ಕೆ ಒಂದೇ ಕಾಲು ಏಳಬೇಕೆಂದರೆ, ಸರದಿಗಳು ಆರೇ ಉಳಿಯುತ್ತವೆ. ಅವುಗಳಲ್ಲಿ ಬೀಳದಂತೆ ನಡೆಯಲು ಎಲ್ಲಕ್ಕಿಂತ ಉತ್ತಮವಾದದ್ದು ಒಂದೇ ಒಂದು. ನಿಧಾನವಾಗಿ ನಡೆಯುವ ಪ್ರಾಣಿಗಳು ಅನುಸರಿಸುವುದೂ ಅದನ್ನೇ, ಎಂದು ಅವರು ೧೯೬೮ರಲ್ಲಿ ಗಣಿತದಿಂದ ತೋರಿಸಿದರು. ನೊಗ ಹೊತ್ತ ಎತ್ತನ್ನು ನೋಡಿದವರು ಆ ಸರದಿಯನ್ನು ಹೇಳಬಲ್ಲರು: ಎಡ ಹಿಂಗಾಲು, ಎಡ ಮುಂಗಾಲು, ಬಲ ಹಿಂಗಾಲು, ಬಲ ಮುಂಗಾಲು. ಹಿಂಗಾಲು ಮುಂದೆ ಬಂದು ನೆಲೆ ಕೊಟ್ಟ ಮೇಲೆಯೇ ಅದೇ ಬದಿಯ ಮುಂಗಾಲು ಏಳುತ್ತದೆ. ಇದನ್ನು ಓದಿದ ಮರುದಿನ ಬೆಳಗ್ಗೆ ನಾನು ಊರ ಹೊರಗಿನ ಹೊಲದ ದಾರಿಯಲ್ಲಿ ಒಂದು ಜೋಡಿ ಕಿಲಾರಿ ಎತ್ತುಗಳ ಹಿಂದೆ ಬಹು ದೂರ ನಡೆದೆ. ಎತ್ತಿನವನು ನನ್ನನ್ನು ಎರಡು ಸಲ ತಿರುಗಿ ನೋಡಿದ.

ಎರಡು ಕಾಲಿನ ಯಂತ್ರದ ಕಥೆ ಇನ್ನೂ ದೊಡ್ಡದು. ಇಲ್ಲಿ ನಾಲ್ಕು ಮಾತು ಸಾಕು. ಟೋಕಿಯೋದ ವಾಸೆದಾ ವಿಶ್ವವಿದ್ಯಾಲಯದಲ್ಲಿ ಇಚಿರೊ ಕಾಟೊ ಅವರ ತಂಡ ೧೯೭೩ರಲ್ಲಿ ಮನುಷ್ಯನ ಅಳತೆಯ ವಾಬಾಟ್ ಎಂಬ ಯಂತ್ರವನ್ನು ನಡೆಸಿತು. ಅದರ ಒಂದೊಂದು ಹೆಜ್ಜೆಗೂ ಮುಕ್ಕಾಲು ನಿಮಿಷದ ಹೊತ್ತು ಹಿಡಿಯುತ್ತಿತ್ತು. ಹೋಂಡಾ ಕಂಪನಿ ೧೯೮೬ರಲ್ಲಿ ಗುಟ್ಟಾಗಿ ಶುರುಮಾಡಿದ ಕೆಲಸವನ್ನು ೧೯೯೬ರಲ್ಲಿ ಜಗತ್ತಿಗೆ ತೋರಿಸಿತು. ೨೦೦೦ದಲ್ಲಿ ಅಸಿಮೋ ಬಂದಿತು. ಅಮೆರಿಕದಲ್ಲಿ ಮಾರ್ಕ್ ರೈಬರ್ಟ್ ಎಂಬಾತ ೧೯೮೦ರ ದಶಕದಲ್ಲಿ ಒಂದೇ ಕಾಲಿನ ಯಂತ್ರವನ್ನು ಕುಪ್ಪಳಿಸಲು ಬಿಟ್ಟು, ನಿಂತರೆ ಬೀಳುವಂಥದೂ ಕುಣಿಯುತ್ತಿದ್ದರೆ ಬೀಳುವುದಿಲ್ಲವೆಂದು ತೋರಿಸಿದ. ಜಾತ್ರೆಯಲ್ಲಿ ಮರಗಾಲು ಕಟ್ಟಿ ಕುಣಿಯುವವರಿಗೆ ಇದು ಗೊತ್ತಿದೆ. ಅವರು ಒಂದೆಡೆ ಸುಮ್ಮನೆ ನಿಂತದ್ದನ್ನು ಯಾರಾದರೂ ಕಂಡಿದ್ದಾರೆಯೇ?

ಇಷ್ಟು ಓದಿದರೂ ನಮ್ಮ ಕುಂಟೆತ್ತು ಕುಂಟೆತ್ತೇ. ಹೀಗಿರುವಾಗ ಒಂದು ಸಂಜೆ ಇಳಕಲ್ಲಿನಿಂದ ನಮ್ಮ ಹಳೆಯ ಪರಿಚಯದ ನೇಕಾರರೊಬ್ಬರು ಮದುವೆಯ ಕರೆಯೋಲೆ ಕೊಡಲು ಬಂದರು. ಐವತ್ತು ವರ್ಷ ಕುಣಿಮಗ್ಗದಲ್ಲಿ ಕಾಲಿಳಿಬಿಟ್ಟು ಕೂತು ಸೀರೆ ನೆಯ್ದವರು. ಮಕ್ಕಳು ಬೇರೆ ಕಸುಬು ಹಿಡಿದಿದ್ದಾರೆ. ಮಗ್ಗದ ಕುಣಿಯ ಮೇಲೆ ಈಗ ಹಲಗೆ ಮುಚ್ಚಿ ಜೋಳದ ಚೀಲ ಇಟ್ಟಿದ್ದಾರೆ. ಚಹಾ ಕುಡಿಯುತ್ತ ಅವರು ಹುಡುಗನ ಮುಂದಿದ್ದ ಗೆರೆಹಾಳೆಯನ್ನು ಎತ್ತಿಕೊಂಡು ನೋಡಿದರು. ಹುಡುಗ ಅದರಲ್ಲಿ ನಾಲ್ಕು ಕಾಲಿಗೆ ನಾಲ್ಕು ಅಂಕಣ ಗೀಚಿ, ಹೊತ್ತಿಗೊಂದು ಸಾಲಿನಂತೆ ಯಾವ ಕಾಲು ಏಳಬೇಕೋ ಅಲ್ಲಿ ಚುಕ್ಕೆ ಇಟ್ಟಿದ್ದ. ಅದೇ ಕೋಷ್ಟಕವನ್ನು ಸೊನ್ನೆ ಒಂದುಗಳಾಗಿ ಬರೆದು ಹಲಗೆಗೆ ತುಂಬಿದ್ದ.

"ಇದು ಡಾಬಿ ಪಟ್ಟಿ ಅಲ್ಲೇನೋ ತಮ್ಮಾ?" ಎಂದರು ಅವರು.

ಡಾಬಿ ಎಂಬುದನ್ನು ಕಾಣದ ಓದುಗರಿಗೆ ಅದರ ಕೆಲಸವನ್ನು ಹೇಳಬೇಕು. ಇಳಕಲ್ಲ ಸೀರೆಯ ಸೆರಗನ್ನು ಒಡಲಿಗೆ ಕೊಂಡಿಯಂತೆ ಕೂಡಿಸುವ ಟೋಪ ತೆಣಿಯ ಕೌಶಲ ಕೈಬೆರಳುಗಳದು. ಅಂಚಿನ ಚಿತ್ತಾರದ ನೆನಪು ಮಾತ್ರ ಮಗ್ಗದ ನೆತ್ತಿಯ ಮೇಲಿರುವ ಡಾಬಿಯದು. ಮರದ ಸಣ್ಣ ಪಟ್ಟಿಗಳನ್ನು ಸರಪಳಿಯಂತೆ ಕೋದು ಒಂದು ಉರುಳೆಗೆ ತೊಡಿಸಿರುತ್ತಾರೆ. ಪಟ್ಟಿಯಲ್ಲಿ ರಂಧ್ರಗಳು, ಬೇಕಾದ ರಂಧ್ರದಲ್ಲಿ ಗೂಟ. ಗೂಟವಿದ್ದಲ್ಲಿ ಒಂದು ಸನ್ನೆ ಎದ್ದು ಅದಕ್ಕೆ ಸೇರಿದ ಹಾಸಿನ ಎಳೆಗಳನ್ನು ಎತ್ತುತ್ತದೆ. ಇಲ್ಲದಲ್ಲಿ ಎಳೆ ಕೆಳಗೇ ಉಳಿಯುತ್ತದೆ. ಅದರ ನಡುವೆ ಲಾಳಿ ಹಾಯುತ್ತದೆ. ನೇಕಾರ ಮತ್ತೆ ತುಳಿದರೆ ಉರುಳೆ ಒಂದು ಪಟ್ಟಿ ತಿರುಗುತ್ತದೆ. ಕೊನೆಯ ಪಟ್ಟಿ ಮುಗಿದ ಕೂಡಲೇ ಮೊದಲನೆಯದು ಬರುತ್ತದೆ, ಚಿತ್ತಾರ ಮರುಕಳಿಸುತ್ತದೆ. ಹುಡುಗನ ಹಾಳೆಯಲ್ಲಿದ್ದದ್ದೂ ಇದೇ. ಎಳೆಗೆ ಬದಲು ಕಾಲು, ಗೂಟಕ್ಕೆ ಬದಲು ಒಂದು, ಖಾಲಿ ರಂಧ್ರಕ್ಕೆ ಬದಲು ಸೊನ್ನೆ. ನಾಲ್ಕನೆಯ ಸಾಲು ಮುಗಿದರೆ ಮತ್ತೆ ಮೊದಲನೆಯದು.

ಮುದುಕರ ಮಾತು ಬರಿಯ ಹೋಲಿಕೆಯಲ್ಲ. ಇತಿಹಾಸವೂ ಅದೇ ದಾರಿಯಲ್ಲಿ ಬಂದಿದೆ. ಹಿಂದೆ ಹೂಬಳ್ಳಿಯ ಬಟ್ಟೆ ನೆಯ್ಯಬೇಕಾದರೆ ನೇಕಾರನ ಜೊತೆಗೆ ಒಬ್ಬ ಹುಡುಗ ಬೇಕಾಗಿತ್ತು. ಅವನು ದಿನವಿಡೀ ಮಗ್ಗದ ಬಳಿ ಕೂತು ಹೇಳಿದ ಹುರಿಗಳನ್ನು ಹೇಳಿದ ಸರದಿಯಲ್ಲಿ ಎಳೆಯಬೇಕು. ಫ್ರಾನ್ಸಿನ ಲಿಯಾನ್ ಪಟ್ಟಣದಲ್ಲಿ ೧೭೨೫ರಲ್ಲಿ ಬೂಷಾನ್ ಎಂಬಾತ ಆ ಸರದಿಯನ್ನು ತೂತು ಹೊಡೆದ ಕಾಗದದ ಸುರುಳಿಗೆ ಒಪ್ಪಿಸಿದ. ಮೂರು ವರ್ಷದ ಮೇಲೆ ಫಾಲ್ಕನ್ ಎಂಬಾತ ಕಾಗದವನ್ನು ಬಿಟ್ಟು ರಟ್ಟಿನ ಕಾರ್ಡುಗಳನ್ನು ಹೊಲಿದು ಸರಪಳಿ ಮಾಡಿದ. ಆಮೇಲೆ ಇದರಲ್ಲಿ ಕೈಯಾಡಿಸಿದವನು ವೋಕಾನ್‌ಸನ್. ತಿಂದು ಜೀರ್ಣಿಸಿಕೊಳ್ಳುವಂತೆ ನಟಿಸುವ ಯಂತ್ರದ ಬಾತುಕೋಳಿಯನ್ನು ೧೭೩೯ರಲ್ಲಿ ಪ್ಯಾರಿಸ್ಸಿನ ಜನಕ್ಕೆ ತೋರಿಸಿ ಹೆಸರಾದವನೇ ಮುಂದೆ ರೇಷ್ಮೆ ಕಾರ್ಖಾನೆಗಳ ಮೇಲ್ವಿಚಾರಕನಾಗಿ ತಾನೇ ನೆಯ್ಯುವ ಮಗ್ಗವನ್ನೂ ಕಟ್ಟಿದ. ಗೊಂಬೆಗೂ ಮಗ್ಗಕ್ಕೂ ನಂಟು ಅಷ್ಟು ಹಿಂದಿನದು. ಈ ಎಲ್ಲವನ್ನೂ ಕೂಡಿಸಿ ೧೮೦೪ರಲ್ಲಿ ಗಟ್ಟಿಯಾಗಿ ನಿಲ್ಲಿಸಿದವನು ಜಕಾರ್ಡ್. ಲಿಯಾನಿನ ನೇಕಾರರು ಅವನ ಮೇಲೆ ಸಿಟ್ಟಾದರು. ಕೂಲಿ ಹೋಗುವುದೆಂಬ ಅವರ ಭಯ ಸುಳ್ಳಾಗಿರಲಿಲ್ಲ. ಡಾಬಿ ಇದೇ ಮನೆತನದ ಚಿಕ್ಕ ತಮ್ಮ. ಹುರಿ ಎಳೆಯುವ ಆ ಹುಡುಗನಿಗೆ ಇಂಗ್ಲಿಷಿನಲ್ಲಿ ಡ್ರಾ ಬಾಯ್ ಎನ್ನುತ್ತಿದ್ದರು. ಆ ಮಾತೇ ಸವೆದು ಡಾಬಿಯಾಯಿತೆಂದು ಹೇಳುತ್ತಾರೆ. ಹುಡುಗ ಹೋದ, ಅವನ ಹೆಸರು ಮಗ್ಗದ ಮೇಲೆ ಉಳಿಯಿತು.

ಜಕಾರ್ಡನ ಮಗ್ಗ ಜಕಾರ್ಡನದೇ ಚಿತ್ರವನ್ನು ರೇಷ್ಮೆಯಲ್ಲಿ ನೆಯ್ದಾಗ ಅದಕ್ಕೆ ಸುಮಾರು ೨೪,೦೦೦ ಕಾರ್ಡುಗಳು ಬೇಕಾದವು. ಅಂಥ ಒಂದು ಚಿತ್ರ ಲಂಡನ್ನಿನ ಚಾರ್ಲ್ಸ್ ಬ್ಯಾಬೇಜನ ಬಳಿ ಇತ್ತು. ತಾನು ಕನಸು ಕಾಣುತ್ತಿದ್ದ ಲೆಕ್ಕದ ಮಹಾಯಂತ್ರಕ್ಕೆ ಅಪ್ಪಣೆ ಕೊಡಲು ಆತ ಆರಿಸಿಕೊಂಡದ್ದೂ ನೇಕಾರರ ಕಾರ್ಡುಗಳನ್ನೇ. ಆ ಯಂತ್ರ ಕೊನೆಗೂ ಪೂರ್ತಿಯಾಗಲಿಲ್ಲ. ಆದರೆ ಅದಕ್ಕೆ ೧೮೪೩ರಲ್ಲಿ ಟಿಪ್ಪಣಿ ಬರೆದ ಅಡಾ ಲವ್‌ಲೇಸ್ ಅದನ್ನು ಮಗ್ಗಕ್ಕೇ ಹೋಲಿಸಿದ್ದಾಳೆ. ೧೮೯೦ರ ಅಮೆರಿಕದ ಜನಗಣತಿಗೆ ಹಾಲರಿತ್ ಬಳಸಿದ ತೂತಿನ ಕಾರ್ಡುಗಳು, ಆಮೇಲಿನ ಗಣಕಯಂತ್ರಗಳ ಕಾರ್ಡುಗಳು, ಎಲ್ಲವೂ ಅದೇ ಸಾಲಿನಲ್ಲಿ ಬರುತ್ತವೆ. ೧೯೭೦ರ ದಶಕದಲ್ಲಿಯೂ ನಮ್ಮ ದೇಶದ ವಿದ್ಯಾರ್ಥಿಗಳು ಕಾರ್ಡಿನ ಕಟ್ಟು ಹೊತ್ತು ಗಣಕದ ಕೋಣೆಯ ಮುಂದೆ ಸರದಿ ನಿಲ್ಲುತ್ತಿದ್ದರು.

ಇಲ್ಲಿ ರೋಬೋಟ್ ಎಂಬ ಮಾತಿನ ಹುಟ್ಟನ್ನೂ ಹೇಳಿಬಿಡುತ್ತೇನೆ. ೧೯೨೦ರಲ್ಲಿ ಅಚ್ಚಾದ ಕರೆಲ್ ಚಾಪೆಕನ ಚೆಕ್ ನಾಟಕದಿಂದ ಅದು ಲೋಕದ ಬಾಯಿಗೆ ಬಂದಿತು. ಮಾತನ್ನು ಸೂಚಿಸಿದವನು ಅವನ ಅಣ್ಣ, ಚಿತ್ರಕಾರ ಯೋಸೆಫ್. ಆ ಭಾಷೆಯಲ್ಲಿ ರೊಬೊತ ಎಂದರೆ ಒಡೆಯನ ಹೊಲದಲ್ಲಿ ಮಾಡಬೇಕಾದ ಬಿಟ್ಟಿ ಚಾಕರಿ. ಮಗ್ಗದ ಹುಡುಗನ ಪಾಡು ಅದಕ್ಕಿಂತ ಹೆಚ್ಚು ಬೇರೆಯದೇನೂ ಆಗಿರಲಿಲ್ಲ. ಒಬ್ಬ ಹುಡುಗ ಆ ಚಾಕರಿಯಿಂದ ಬಿಡುಗಡೆ ಪಡೆದ, ನಿಜ. ಆದರೆ ಮುಂದೆ ವಿದ್ಯುತ್ ಮಗ್ಗ ಬಂದಾಗ ನೇಕಾರನಿಗೂ ಬಿಡುಗಡೆಯಾಯಿತು. ಅದನ್ನು ಯಾರೂ ಬೇಡಿರಲಿಲ್ಲ.

ಹಾಗಾದರೆ ಇಂಥ ಯಂತ್ರ ಹುನಗುಂದದ ನಡುಮನೆಗೆ ಹೇಗೆ ಬಂದಿತು? ಒಂದು, ಗಣಕದ ಮೆದುಳು ಉಗುರಿನಷ್ಟಾಯಿತು. ೧೯೭೧ರಲ್ಲಿ ಇಂಟೆಲ್ ಕಂಪನಿ ಮಾರಿದ ೪೦೦೪ ಎಂಬ ಚಿಪ್ಪಿನಿಂದ ಆ ಕಥೆ ಶುರು. ಇನ್ನೊಂದು, ಆಟದ ವಿಮಾನಗಳ ರೆಕ್ಕೆ ತಿರುಗಿಸಲೆಂದು ಮಾಡಿದ ಸರ್ವೋ ಮೋಟರು ಅಗ್ಗವಾಯಿತು. ಈ ಸರ್ವೋ ಬಹು ಜಾಣ ಸಾಧನ. ಒಳಗೆ ಮೋಟರು, ಹಲ್ಲುಗಾಲಿಗಳು, ತಾನು ಎಷ್ಟು ತಿರುಗಿದ್ದೇನೆಂದು ತನಗೇ ತಿಳಿಸುವ ಒಂದು ಅಳತೆಗಾರ. ಸೆಕೆಂಡಿಗೆ ಐವತ್ತು ಸಲ ಅದಕ್ಕೊಂದು ವಿದ್ಯುತ್ತಿನ ಮಿಡಿತ ಹೋಗುತ್ತದೆ. ಮಿಡಿತ ಒಂದೂವರೆ ಮಿಲಿಸೆಕೆಂಡು ಉದ್ದವಿದ್ದರೆ ತೋಳು ನಡುವಿನಲ್ಲಿ ನಿಲ್ಲುತ್ತದೆ. ಒಂದಕ್ಕಿಳಿದರೆ ಒಂದು ಬದಿಗೆ, ಎರಡಕ್ಕೇರಿದರೆ ಇನ್ನೊಂದು ಬದಿಗೆ. ಜಪಾನಿನ ಕೊಂಡೊ ಕಂಪನಿ ೨೦೦೪ರಲ್ಲಿ ಇಂಥ ಹದಿನೇಳು ಸರ್ವೋಗಳಿದ್ದ, ಮನೆಯಲ್ಲೇ ಜೋಡಿಸುವ ಎರಡು ಕಾಲಿನ ರೋಬೋಟನ್ನು ಮಾರಿತು. ಮರುವರ್ಷ ಇಟಲಿಯ ಇವ್ರೆಯ ಎಂಬ ಊರಿನ ವಿನ್ಯಾಸಶಾಲೆಯಲ್ಲಿ ವಿದ್ಯಾರ್ಥಿಗಳಿಗಾಗಿ ಆರ್ಡುಯಿನೊ ಹಲಗೆ ಹುಟ್ಟಿತು. ಅದನ್ನು ಮಾಡಿದವರು ನಕ್ಷೆಯನ್ನು ಬಚ್ಚಿಡಲಿಲ್ಲ. ಯಾರು ಬೇಕಾದರೂ ನೋಡಿ ಮಾಡಿಕೊಳ್ಳಿರೆಂದು ಬಿಟ್ಟುಕೊಟ್ಟರು. ಭೋಜರಾಜನ ಗ್ರಂಥ ಮಾಡದಿದ್ದ ಕೆಲಸ ಇದು. ಬಡವರ ಮನೆಗೂ ಅದು ಬಂದದ್ದು ಈ ಔದಾರ್ಯದಿಂದಲೇ. ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಕಟ್ಟಿ ೨೦೧೯ರಲ್ಲಿ ವಿವರ ಪ್ರಕಟಿಸಿದ 'ಸ್ಟಾಕ್' ಎಂಬ ನಾಲ್ಕು ಕಾಲಿನ ಯಂತ್ರವೂ ಅಂಗಡಿಯಲ್ಲಿ ಸಿಗುವ ಸಾಮಾನು ಮತ್ತು ಮುದ್ರಿಸಿ ತೆಗೆದ ಪ್ಲಾಸ್ಟಿಕ್ಕಿನ ಭಾಗಗಳಿಂದಲೇ ಆದದ್ದು. ಅದು ಒಂದು ಹೆಜ್ಜೆ ಮುಂದೆ ಹೋಗಿದೆ: ಕೋಷ್ಟಕವನ್ನು ಯಾರೂ ಬರೆದುಕೊಡದೆ, ಬಿದ್ದು ಎದ್ದು ತಾನೇ ಕಲಿಯುವ ದಾರಿಯನ್ನು ಅದರ ಮೇಲೆ ಪರೀಕ್ಷಿಸಿದ್ದಾರೆ.

ನಮ್ಮದು ತಾನೇ ಕಲಿಯುವ ಜಾತಿಯದಲ್ಲ. ನೇಕಾರರು ಹಾಳೆಯನ್ನು ಕೆಳಗಿಟ್ಟು, "ಜೋರಾಗಿ ಓಡಿಸಬ್ಯಾಡ. ಒಂದೊಂದ ಪಟ್ಟಿ ತುಳಿದು ನೋಡು. ಯಾವ ಪಟ್ಟಿಗೆ ಬೀಳ್ತೈತಿ ಹೇಳು," ಎಂದರು. ಅಂಚಿನಲ್ಲಿ ತಪ್ಪು ಬಿದ್ದರೆ ಅವರು ಹುಡುಕುತ್ತಿದ್ದ ರೀತಿಯೇ ಅದು. ಹುಡುಗ ಸಾಲು ಸಾಲಿನ ನಡುವೆ ಐದು ಸೆಕೆಂಡಿನ ಬಿಡುವು ಬರೆದ. ಯಂತ್ರ ಒಂದು ಕಾಲೆತ್ತಿ ಕಾಯಿತು, ಇಟ್ಟಿತು, ಇನ್ನೊಂದನ್ನು ಎತ್ತಿ ಕಾಯಿತು. ಮೊದಲೆರಡು ಸಾಲುಗಳಲ್ಲಿ ಹುಡುಗ ಎರಡು ಮುಂಗಾಲುಗಳನ್ನು ಒಂದಾದ ಮೇಲೊಂದು ಮುಂದಿಡಿಸಿದ್ದ. ಮೂರನೆಯ ಸಾಲಿಗೆ ಹಿಂಗಾಲು ಏಳುವ ಹೊತ್ತಿಗೆ ಒಡಲಿನ ಭಾರ ತ್ರಿಕೋನದ ಹೊರಗೆ ನಿಂತಿತ್ತು. ನಾನು ಎತ್ತಿನ ಸರದಿಯನ್ನು ಹೇಳಿದೆ. ಹುಡುಗ ಸಾಲುಗಳನ್ನು ಬದಲಾಯಿಸಿದ. ನೇಕಾರರು ಪಕ್ಕದಲ್ಲಿ ಕೂತು ಚುಕ್ಕೆಗಳನ್ನು ಬೆರಳಿನಿಂದ ಎಣಿಸಿ ತಾಳೆ ನೋಡಿದರು. ಅವರ ಬೆರಳು ಹಾಳೆಯ ಮೇಲೆ ಓಡಿದ ವೇಗವನ್ನು ಕಂಡು ಹುಡುಗ ನನ್ನ ಮುಖ ನೋಡಿದ.

ಆರು ಹೆಜ್ಜೆ ನಡೆಯಿತು. ಆಮೇಲೆ ಗಡಗಡ ನಡುಗಿ, ಎಲ್ಲ ಮರೆತವರಂತೆ ಮೊದಲಿನಿಂದ ಶುರುಮಾಡಿತು. ಇದು ಬೇರೆ ರೋಗ. ಎಂಟು ಮೋಟರುಗಳು ಒಟ್ಟಿಗೆ ಬಲ ಹಾಕಿದಾಗ ಬ್ಯಾಟರಿಯ ಒತ್ತಡ ಕುಸಿದು, ಹಲಗೆಗೆ ಸಾಕಷ್ಟು ವಿದ್ಯುತ್ತು ದೊರೆಯದೆ ಅದು ಮೂರ್ಛೆ ಹೋಗಿ ಎಚ್ಚರಾಗುತ್ತಿತ್ತು. ಮೋಟರುಗಳಿಗೆ ಬೇರೆ ಬ್ಯಾಟರಿ ಕೊಟ್ಟು, ಎರಡರ ಋಣತಂತಿಗಳನ್ನು ಮಾತ್ರ ಒಂದುಗೂಡಿಸಬೇಕೆಂದು ಹುಡುಗ ತಾನೇ ಓದಿ ಕಂಡುಕೊಂಡ. ಇದರಲ್ಲಿ ನಮ್ಮಿಬ್ಬರು ಮುದುಕರ ಪಾಲು ಏನೂ ಇಲ್ಲ.

ಇಳಕಲ್ಲಿಗೆ ಕೊನೆಯ ಬಸ್ಸಿಗೆ ಹೊತ್ತಾಗಿತ್ತು. ನೇಕಾರರು ಎದ್ದು ಚಪ್ಪಲಿ ಮೆಟ್ಟುವಷ್ಟರಲ್ಲಿ ಕುಂಟೆತ್ತು ನಡುಮನೆಯಿಂದ ಅವರ ಹಿಂದೆಯೇ ಕಿರ್ ಕಿರ್ ಎಂದು ಬಂದು, ಹೊಸ್ತಿಲಿಗೆ ಮುಂಗಾಲು ಬಡಿದು ನಿಂತಿತು. ಅವರು ಬಗ್ಗಿ ನೋಡಿ, ಹೊಸ್ತಿಲಿಗೆ ಇನ್ನೆರಡು ಪಟ್ಟಿ ಹೆಚ್ಚು ಬೇಕಾಗುತ್ತವೆ ಎಂದರು. ಮನೆಯ ಅಟ್ಟದ ಮೇಲೆ ತಮ್ಮ ಡಾಬಿ ಇನ್ನೂ ಇದೆಯೆಂದೂ, ಬಿಚ್ಚಿ ನೋಡಬೇಕೆನಿಸಿದರೆ ರವಿವಾರ ಬಾ ಎಂದೂ ಹುಡುಗನಿಗೆ ಹೇಳಿ ಹೋದರು. ಹುಡುಗ ಆಗಲೇ ಹಾಳೆಯ ಮೇಲೆ ಐದನೆಯ ಸಾಲನ್ನು ಗೀಚುತ್ತಿದ್ದ.